ಹಾಡಿನ ಕ್ಯಾಸೆಟ್ಟಿಗೆ ಮೊಬೈಲ್ ಹಿಡಿಯಬೇಡಿ

ಟೇಪ್ ರೆಕಾರ್ಡರ್ ಮುಂದೆ ಮೊಬೈಲ್ ಇಟ್ಟು ಹಳೇ ಕ್ಯಾಸೆಟ್ಟಿನ ಹಾಡು ಇಳಿಸಿಕೊಳ್ಳುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ತಲೆ ಮೇಲೆ ಫ್ಯಾನ್ ತಿರುಗುತ್ತಿರುತ್ತದೆ, ಒಳಗೆ ಪಾತ್ರೆ ಸದ್ದು, ನಡುವೆ ಯಾರೋ ಊಟಕ್ಕೆ ಕರೆಯುತ್ತಾರೆ. ಅದನ್ನೇ ವಾಟ್ಸಾಪ್‌ನಲ್ಲಿ ನೆಂಟರಿಗೆಲ್ಲ ಕಳಿಸಿ, ಅಜ್ಜಿಯ ಹಾಡು ಉಳಿಸಿಬಿಟ್ಟೆವು ಅಂತ ಖುಷಿಪಡುತ್ತಾರೆ. ಆಮೇಲೆ ಕ್ಯಾಸೆಟ್ ಕಸಕ್ಕೆ! ಉಳಿಸಿದ್ದೇನು, ಫ್ಯಾನ್ ಸದ್ದನ್ನಾ?

ಹತ್ತಾರು ಜನ ಒಟ್ಟಿಗೆ ಕೂತು ಹಾಡಿದ್ದನ್ನು ಮನೆಯವರೇ ರೆಕಾರ್ಡ್ ಮಾಡಿರುತ್ತಾರಲ್ಲ, ಅದಕ್ಕೆ ಇನ್ನೊಂದು ಪ್ರತಿ ಎಲ್ಲೂ ಸಿಗುವುದಿಲ್ಲ. ಅಂಗಡಿಯಲ್ಲಿ ಕೊಂಡ ಕ್ಯಾಸೆಟ್ ಹಾಳಾದರೆ ಇನ್ನೊಬ್ಬರ ಮನೆಯಲ್ಲಾದರೂ ಇರುತ್ತದೆ. ಇದು ಹೋದರೆ ಹೋಯಿತು. ಹಾಗಾಗಿ ಮೊದಲು ಕ್ಯಾಸೆಟ್ಟಿನ ಬೆನ್ನ ಮೇಲಿರುವ ಎರಡು ಪುಟ್ಟ ಪ್ಲಾಸ್ಟಿಕ್ ಕಿವಿಗಳನ್ನು ಮುರಿಯಿರಿ. ಅವಿದ್ದರೆ ಯಾರೋ ತಿಳಿಯದೆ ರೆಕಾರ್ಡ್ ಗುಂಡಿ ಒತ್ತುತ್ತಾರೆ, ಹಾಡಿನ ಮೇಲೆ ಮೌನ ಕೂರುತ್ತದೆ.

ವರ್ಷಗಟ್ಟಲೆ ಮುಟ್ಟದ ಕ್ಯಾಸೆಟ್ಟನ್ನು ತಂದ ತಕ್ಷಣ ಯಂತ್ರಕ್ಕೆ ತುರುಕಬೇಡಿ. ಬೆಳಕಿಗೆ ಹಿಡಿದು ನೋಡಿ. ಸುರುಳಿಯ ಅಂಚಿನಲ್ಲಿ ಬಿಳೀ ಪುಡಿ ಕಂಡರೆ ಅದು ಬೂಷ್ಟು. ಹಾಗೇ ಓಡಿಸಿದರೆ ಯಂತ್ರಕ್ಕೂ ಹತ್ತಿ, ಅಲ್ಲಿಂದ ಮುಂದಿನ ಕ್ಯಾಸೆಟ್ಟಿಗೂ ದಾಟುತ್ತದೆ. ಅದನ್ನು ಬೇರೆ ಇಡಿ, ಬಲ್ಲವರಿಗೆ ಕೊಡಿ. ಬಿಸಿಲಿಗೆ ಮಾತ್ರ ಇಡಬೇಡಿ. ಕಾವಿಗೆ ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ. ಚೆನ್ನಾಗಿದ್ದರೆ ಪೆನ್ಸಿಲ್ ತೂರಿಸಿ ಕೈಯಲ್ಲೇ ನಾಲ್ಕು ಸುತ್ತು ಸುತ್ತಿ. ಸಲೀಸಾಗಿ ತಿರುಗಿದರೆ ಯಂತ್ರದಲ್ಲಿ ಹಾಕಿ, ಪೂರ್ತಿ ಮುಂದಕ್ಕೆ, ಪೂರ್ತಿ ಹಿಂದಕ್ಕೆ ಒಮ್ಮೆ ಓಡಿಸಿ. ಒಳಗೆ ಟೇಪಿಗೆ ಹಿಂದಿನಿಂದ ಒತ್ತು ಕೊಡುವ ಒಂದು ಚೂರು ಮೆತ್ತೆ ಇರುತ್ತದೆ. ಅದರ ಅಂಟು ಒಣಗಿ ಉದುರಿದ್ದರೆ ದನಿ ದೂರದಿಂದ ಬಂದ ಹಾಗೆ ಕೇಳುತ್ತದೆ. ಆಗ ಟೇಪನ್ನು ಬೇರೆ ಕ್ಯಾಸೆಟ್ಟಿನ ಕವಚಕ್ಕೆ ಹಾಕಿದರಾಯಿತು.

ಯಂತ್ರದ ಹೆಡ್ಡನ್ನು, ಅಂದರೆ ಟೇಪಿಗೆ ತಾಗಿ ಹಾಡು ಓದುವ ಲೋಹದ ಚೂರನ್ನು, ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ. ಕಂದು ಬಣ್ಣ ಬರುವುದು ನಿಲ್ಲುವವರೆಗೂ ಒರೆಸಬೇಕು. ಟೇಪನ್ನು ಎಳೆಯುವ ರಬ್ಬರ್ ರೋಲರಿಗೆ ಆ ದ್ರಾವಣ ಬೇಡ, ರಬ್ಬರ್ ಗಡುಸಾಗುತ್ತದೆ. ಅದಕ್ಕೆ ಒದ್ದೆ ಬಟ್ಟೆ ಸಾಕು. ಹಾಂ, ಯಂತ್ರ ಎತ್ತಿಡುವಾಗ ಸೆಲ್ ತೆಗೆಯಿರಿ. ಗೋಡೆ ಗಡಿಯಾರ, ಟಾರ್ಚು, ರಿಮೋಟು ಎಲ್ಲದಕ್ಕೂ ಇದೇ ಮಾತು. ನಿಂತ ಗಡಿಯಾರದೊಳಗೆ ಸತ್ತ ಸೆಲ್ ಬಿಟ್ಟು, ಅದು ಸೋರಿ ತಗಡನ್ನು ತಿಂದ ಮೇಲೆ ಗಡಿಯಾರ ಸರಿಯಿಲ್ಲ ಅನ್ನುವ ಮಂದಿ ಎಷ್ಟು ಬೇಕು!

ಈಗ ಮುಖ್ಯವಾದ ಮಾತಿಗೆ ಬರುತ್ತೇನೆ. ಕ್ಯಾಸೆಟ್ ಹಾಕಿದಾಗ ದನಿ ಮಂಕಾಗಿ, ಕಂಬಳಿ ಹೊದ್ದು ಹಾಡಿದ ಹಾಗೆ ಕೇಳಿದರೆ ಈಗಿನವರು "ಟೇಪ್ ಹೋಗಿದೆ" ಅಂದುಬಿಡುತ್ತಾರೆ. ಎಷ್ಟೋ ಸಲ ಟೇಪಿಗೆ ಏನೂ ಆಗಿರುವುದಿಲ್ಲ, ಹೆಡ್ ವಾಲಿರುತ್ತದೆ. ಫಿಲಿಪ್ಸ್ ಕಂಪನಿ 1963ರಲ್ಲಿ ಈ ಕ್ಯಾಸೆಟ್ ತಂದಿದ್ದು ಮಾತು ಹಿಡಿದಿಡುವುದಕ್ಕೆ ಅಂತ, ಸಂಗೀತಕ್ಕಲ್ಲ. ಟೇಪಿನ ಅಗಲ 4 ಮಿಲಿಮೀಟರಿಗೂ ಕಡಿಮೆ, ಓಟ ಸೆಕೆಂಡಿಗೆ 5 ಸೆಂಟಿಮೀಟರಿಗೂ ಕಡಿಮೆ. ಅಷ್ಟು ನಿಧಾನಕ್ಕೆ ಓಡುವ ಟೇಪಿನ ಮೇಲೆ ಹೆಡ್ಡಿನ ಮುಖದ ಮೇಲಿರುವ ಸಣ್ಣ ಸೀಳು ನೆಟ್ಟಗೆ ನಿಂತಿರಬೇಕು. ಅಂದು ರೆಕಾರ್ಡ್ ಮಾಡಿದ ಯಂತ್ರದ ಹೆಡ್ ಒಂಚೂರು ಓರೆ ಇದ್ದಿತು ಅನ್ನಿ. ಇಂದು ನೀವು ಹಾಕುವ ಯಂತ್ರದ್ದೂ ಅಷ್ಟೇ ಓರೆ ಇರಬೇಕು. ಇಲ್ಲದಿದ್ದರೆ ಸಕಾರ, ತಾಳದಂಥ ಚೂಪು ಸದ್ದುಗಳೆಲ್ಲ ಮಾಯ.

ಹೆಡ್ಡಿನ ಪಕ್ಕ ಸ್ಕ್ರೂ ಇರುತ್ತವೆ. ಸ್ಪ್ರಿಂಗ್ ಇರುವ ಸ್ಕ್ರೂ ನಿಮಗೆ ಬೇಕಾದ್ದು. ಅದರ ತಲೆಯ ಮೇಲೂ ಪಕ್ಕದ ಲೋಹದ ಮೇಲೂ ಉಗುರುಬಣ್ಣದಿಂದ ಒಂದೇ ಗೆರೆ ಎಳೆಯಿರಿ, ವಾಪಸ್ ತರಲು ಗುರುತು ಬೇಕಲ್ಲ. ಸ್ಕ್ರೂಡ್ರೈವರ್ ಸಣ್ಣದಿರಲಿ, ತುದಿಯಲ್ಲಿ ಅಯಸ್ಕಾಂತ ಇರಲೇಬಾರದು. ಹಾಡಿನಲ್ಲಿ ಸಕಾರ, ಶಕಾರ ಜಾಸ್ತಿ ಇರುವ ಸಾಲು ಹುಡುಕಿ. ತಾಳದ ಸದ್ದೋ ಚಪ್ಪಾಳೆಯೋ ಇದ್ದರೆ ಇನ್ನೂ ಒಳ್ಳೆಯದು. ಹೆಡ್‌ಫೋನ್ ಹಾಕಿ. ಸ್ಟೀರಿಯೋ ಯಂತ್ರವಾದರೆ ಎಡ ಬಲ ಎರಡನ್ನೂ ಒಂದಾಗಿ ಸೇರಿಸಿ, ಅಂದರೆ ಮೋನೋ ಮಾಡಿ ಕೇಳಿ, ತಪ್ಪು ಬೇಗ ಗೊತ್ತಾಗುತ್ತದೆ. ಈಗ ಸ್ಕ್ರೂವನ್ನು ಬಲಕ್ಕೆ ಒಂದು ಕೂದಲೆಳೆಯಷ್ಟು ತಿರುಗಿಸಿ. ಮಂಕಾಯಿತಾ? ಎಡಕ್ಕೆ ಬನ್ನಿ. ಸಕಾರ ಚುರುಕಾಗುತ್ತದೆ, ಇನ್ನೂ ಮುಂದೆ ಹೋದರೆ ಮತ್ತೆ ಮಂಕು. ಆ ಎರಡು ಮಂಕುಗಳ ನಡುವೆ ಒಂದೇ ಒಂದು ಜಾಗದಲ್ಲಿ ತಾಳ ಕಿಣಿ ಅನ್ನುತ್ತದೆ. ಅಲ್ಲೇ ನಿಲ್ಲಿಸಿ, ಕೈ ತೆಗೆಯಿರಿ. ಸ್ಕ್ರೂಡ್ರೈವರ್ ಒತ್ತುವ ಭಾರಕ್ಕೇ ಹೆಡ್ ಅಲುಗುತ್ತದೆ, ಹಾಗಾಗಿ ಕೈ ತೆಗೆದ ಮೇಲೆ ಇನ್ನೊಮ್ಮೆ ಕೇಳಿ ಖಚಿತ ಮಾಡಿಕೊಳ್ಳಿ. ಕ್ಯಾಸೆಟ್ ತಿರುಗಿಸಿ ಹಾಕಿದರೆ ಮತ್ತೆ ಮೊದಲಿಂದ ಮಾಡಬೇಕು, ಒಂದು ಬದಿಗೆ ಕೂಡಿದ್ದು ಇನ್ನೊಂದು ಬದಿಗೆ ಕೂಡಬೇಕೆಂದಿಲ್ಲ. ಬೇಜಾರಾದರೆ ಕೆಲಸ ನಾಳೆಗಿಡಿ, ಅರ್ಧಂಬರ್ಧ ಮಾಡಬೇಡಿ.

ನಾವೆಲ್ಲ ಹಾಡುತ್ತಿದ್ದ ಕಾಲದಲ್ಲಿ ರೆಕಾರ್ಡರನ್ನು ಚಾಪೆಯ ನಡುವೆ ಇಡುತ್ತಿದ್ದರು. ಜೋರು ಗಂಟಲಿನವರು ಮುಂದೆ ಬಂದು ಕೂರುವರು. ನಾಚಿಕೆಯವರು ಗೋಡೆಗೆ ಒರಗಿ ಹಿಂದೆಲ್ಲೋ ಸೊಲ್ಲು ಹೇಳುವರು. ಹೆಡ್ ಸರಿಯಾದಾಗ ಮೊದಲು ಮೇಲೆದ್ದು ಬರುವುದು ಆ ಹಿಂದಿನ ದನಿಗಳೇ. ಬಳೆ ಸದ್ದು, ಉಸಿರು ಎಳೆದುಕೊಂಡದ್ದು, ಮುಂದಿನ ಸಾಲು ಮರೆತವರಿಗೆ ಪಕ್ಕದವರು ಪಿಸುಗುಟ್ಟಿದ್ದು, ಎಲ್ಲ ಕೇಳುತ್ತದೆ. ಮೊಬೈಲ್ ಹಿಡಿದವರಿಗೆ ಇದರಲ್ಲಿ ಒಂದೂ ಸಿಗುವುದಿಲ್ಲ. ಓಡಿಸುವಾಗ ಬಿಟ್ಟುಹೋದದ್ದನ್ನು ಆಮೇಲೆ ಯಾವ ಸಾಫ್ಟ್‌ವೇರೂ ತಂದುಕೊಡುವುದಿಲ್ಲ.

ಮುಂದಿನದು ನಿಮಗೇ ಗೊತ್ತಿರುವಂಥದ್ದು. ಲೈನ್ ಔಟ್, ಇಲ್ಲದಿದ್ದರೆ ಹೆಡ್‌ಫೋನ್ ತೂತಿನಿಂದ ವೈರ್ ಎಳೆದು ಕಂಪ್ಯೂಟರಿಗೆ ಕೊಡಿ. ಮನೆಯ ರೆಕಾರ್ಡಿಂಗ್ ಡಾಲ್ಬಿ (ಟೇಪಿನ ಸುಯ್ ಸದ್ದು ತಗ್ಗಿಸುವ ವ್ಯವಸ್ಥೆ) ಇಲ್ಲದೆ ಆಗಿದ್ದರೆ ಡಾಲ್ಬಿ ಗುಂಡಿ ಆಫ್ ಇರಲಿ. ಎಲ್ಲರೂ ಒಟ್ಟಿಗೆ ಸೊಲ್ಲೆತ್ತುವ ಜಾಗದಲ್ಲಿ ದನಿಯ ಮಟ್ಟ ನೋಡಿಕೊಳ್ಳಿ, ಮೀಟರ್ ಕೆಂಪು ಮುಟ್ಟದ ಹಾಗೆ ಮೇಲೆ ಸ್ವಲ್ಪ ಜಾಗ ಬಿಡಿ. ಒಬ್ಬರೇ ಹಾಡುವಾಗ ನೋಡಿ ಮಟ್ಟ ಇಟ್ಟರೆ ಗುಂಪು ಸೇರಿದಾಗ ದನಿ ಒಡೆಯುತ್ತದೆ. ರೆಕಾರ್ಡ್ ಮಾಡುವ ಸಾಫ್ಟ್‌ವೇರಿನಲ್ಲಿ 48 ಕಿಲೋಹರ್ಟ್ಸ್, 24 ಬಿಟ್, ವೇವ್ ಫೈಲ್ ಅಂತ ಆರಿಸಿ. ಸ್ಟೀರಿಯೋದಲ್ಲಿ ಗಂಟೆಗೆ ಸುಮಾರು 1 ಜಿಬಿ ಆಗುತ್ತದೆ. ನಿಮ್ಮ ವಿಡಿಯೋಗಳಿಗೆ ಇರುವ ಜಾಗ ಇದಕ್ಕಿಲ್ಲವಾ? ಎಂಪಿ3 ಬೇಕಾದರೆ ಅದರಿಂದ ಆಮೇಲೆ ಮಾಡಿಕೊಳ್ಳಿ.

ಸದ್ದು ತೆಗೆಯುತ್ತೇವೆ ಅಂತ ಮೂಲ ಫೈಲಿಗೆ ಕೈ ಹಾಕಬೇಡಿ. ಸುಯ್ ಅನ್ನುವುದನ್ನು ತೆಗೆಯಲು ಹೋಗಿ ಹಾಡುವವರನ್ನೆಲ್ಲ ನೀರಿನೊಳಗೆ ಮುಳುಗಿಸಿಟ್ಟವರನ್ನು ನೋಡಿದ್ದೇನೆ. ಬೇಕಾದರೆ ಇನ್ನೊಂದು ಪ್ರತಿ ಮಾಡಿ ಅದರ ಮೇಲೆ ಆಟ ಆಡಿ. ಮೂಲ ಮೂರು ಕಡೆ ಇರಲಿ, ಒಂದು ಬೇರೆ ಮನೆಯಲ್ಲಿ. ಪೆನ್‌ಡ್ರೈವ್ ಒಂದನ್ನೇ ನಂಬಿ ಕೂರಬೇಡಿ.

ಫೈಲಿಗೆ "ಅಜ್ಜಿ ಹಾಡು ಹೊಸದು 2" ಅಂತ ಹೆಸರಿಟ್ಟರೆ ನಾಳೆ ಯಾರಿಗೆ ಏನು ತಿಳಿಯುತ್ತದೆ? ಯಾರು ಮುಂದೆ ಹೇಳಿದ್ದು, ಸೊಲ್ಲಿಗೆ ಯಾರ್‍ಯಾರು, ಎಲ್ಲಿ, ಯಾವ ವರ್ಷ, ಇಷ್ಟಾದರೂ ಬರೆಯಿರಿ. ಕ್ಯಾಸೆಟ್ ಡಬ್ಬಿಯೊಳಗಿನ ಚೀಟಿಯ ಫೋಟೋ ತೆಗೆದು ಜೊತೆಗಿಡಿ. ಹಾಡನ್ನು ಹಿರಿಯರ ಮುಂದೆ ಹಾಕಿ, ದನಿ ಗುರುತಿಸಿ ಹೇಳಲಿ. ಈ ಕೆಲಸ ಮುಂದೂಡಬೇಡಿ, ಸುಮ್ನೆ ಹೇಳುತ್ತಿಲ್ಲ. ಯೂಟ್ಯೂಬಿಗೆ ಹಾಕುವ ಆಸೆ ಇದ್ದರೆ ಹಾಡಿದವರನ್ನೋ ಅವರ ಮನೆಯವರನ್ನೋ ಅದೇ ಹೊತ್ತಿನಲ್ಲಿ ಕೇಳಿಬಿಡಿ.

ಕ್ಯಾಸೆಟ್ಟನ್ನು ಕೊನೆವರೆಗೂ ಸುತ್ತಿ, ಡಬ್ಬಿಯಲ್ಲಿ ನೆಟ್ಟಗೆ ನಿಲ್ಲಿಸಿಡಿ. ಸ್ಪೀಕರ್ ಹತ್ತಿರ ಬೇಡ, ತೇವದ ಗೋಡೆಗೆ ತಾಗಿಸುವುದೂ ಬೇಡ. ಇನ್ನು ಆ ಉಗುರುಬಣ್ಣದ ಗೆರೆ ನೋಡಿ ಸ್ಕ್ರೂವನ್ನು ಮೊದಲಿದ್ದಲ್ಲಿಗೆ ತನ್ನಿ. ಹಾಗೇ ಬಿಟ್ಟರೆ ಮನೆಯಲ್ಲಿರುವ ಬೇರೆ ಕ್ಯಾಸೆಟ್ಟುಗಳೆಲ್ಲ ಮಂಕಾಗಿ ಕೇಳಿ, ಯಂತ್ರ ಕೆಡಿಸಿದ್ದು ಯಾರು ಅಂತ ನಿಮ್ಮನ್ನೇ ಬೈಯುತ್ತಾರೆ.