ಹಿಂದಿನ ಬೆಂಚಿನ ಮೇಲಿಟ್ಟ ಫೋನು

ಧಾರವಾಡದ ನಮ್ಮ ಕ್ರೈಸ್ತ ಸಭೆಯಲ್ಲಿ ರವಿವಾರದ ಆರಾಧನೆಗೆ ನಾನು ಪೇಟಿ, ಅಂದರೆ ಹಾರ್ಮೋನಿಯಂ, ಬಾರಿಸಲು ಕೂತು ಹದಿನೆಂಟು ವರ್ಷ ದಾಟಿತು. ನಡುವೆ ಐದು ವರ್ಷ ಪೇಟಿ ಕಪಾಟು ಸೇರಿತ್ತು, ಅದರ ಜಾಗದಲ್ಲಿ ಕೀಬೋರ್ಡು. ಎರಡು ದೊಡ್ಡ ಸ್ಪೀಕರು, ನಾಲ್ಕು ಮೈಕು, ಮುಂದೆ ನಿಂತು ಹಾಡುವ ಐದಾರು ಹುಡುಗ ಹುಡುಗಿಯರು. ಆರಾಧನೆಗೆ ಕಳೆ ಬಂತು ಅಂತ ಎಲ್ಲರೂ ಅಂದರು. ಎಲ್ಲರಿಗಿಂತ ಜೋರಾಗಿ ಅಂದವನು ನಾನೇ.

ಮಸ್ಕತ್ತಿನಲ್ಲಿರುವ ನನ್ನ ಸೋದರತ್ತೆಯ ಮಗ ಒಮ್ಮೆ ಫೋನು ಮಾಡಿ, 'ನಮ್ಮ ಗುಡಿಯ ಹಾಡು ಕೇಳಿ ಭಾಳ ದಿನ ಆತು, ರೆಕಾರ್ಡ್ ಮಾಡಿ ಕಳಸೋ' ಅಂದ. ಆ ರವಿವಾರ ಫೋನನ್ನು ಹಿಂದಿನ ಬೆಂಚಿನ ಮೇಲೆ ಇಟ್ಟು ಬಂದೆ. ಕಳಿಸುವ ಮೊದಲು ರಾತ್ರಿ ಒಂದು ಸಲ ಕಿವಿಗೆ ಹಾಕಿಕೊಂಡು ಕೇಳಿದೆ. ಕೀಬೋರ್ಡು ಚೆನ್ನಾಗಿತ್ತು. ರಿದಮ್ ಚೆನ್ನಾಗಿತ್ತು. ಮೈಕಿನವರೂ ಶ್ರುತಿ ಬಿಟ್ಟಿರಲಿಲ್ಲ. ಆದರೆ ಅಂದು ಬಂದಿದ್ದ ಎಂಬತ್ತು ಜನರಲ್ಲಿ ಒಬ್ಬರ ದನಿಯೂ ಇಲ್ಲ. ಎರಡನೇ ಹಾಡಿನ ನಡುವೆ ಫೋನಿನ ಹತ್ತಿರವೇ ಕೂತಿದ್ದ ಯಾರೋ ಮುದುಕರು 'ಯಾವ ಹಾಡ ಇದು, ಪುಸ್ತಕದಾಗ ಐತೇನು?' ಅಂತ ಕೇಳುತ್ತಾರೆ. ಪಕ್ಕದ ಹೆಣ್ಣುದನಿ ಹೇಳುತ್ತದೆ: 'ಸುಮ್ಮನ ಕುಂದರ್ರಿ, ಅವರು ಹಾಡ್ತಾರ.'

ಮಸ್ಕತ್ತಿಗೆ ಅದನ್ನು ಕಳಿಸಲಿಲ್ಲ. ಬೈಬಲ್ಲಿನಲ್ಲಿ ಪ್ರವಾದಿ ಆಮೋಸನ ಐದನೇ ಅಧ್ಯಾಯದಲ್ಲಿ ದೇವರು, ನಿಮ್ಮ ಹಾಡುಗಳ ಗದ್ದಲ ನನಗೆ ಬೇಡ, ನ್ಯಾಯ ನೀರಿನಂತೆ ಹರಿಯಲಿ ಅನ್ನುತ್ತಾನೆ. ಅಲ್ಲಿಯ ಜನ ಬಡವರನ್ನು ತುಳಿದು ಬಂದು ಹಾಡುತ್ತಿದ್ದರು, ನಾವು ಅಷ್ಟು ಕೆಟ್ಟವರೇನಲ್ಲ ಅಂದುಕೊಂಡೆ. ಆದರೂ 'ಗದ್ದಲ' ಅನ್ನುವ ಆ ಮಾತು ಚುಚ್ಚಿತು. ಆರಾಧನೆಯಲ್ಲಿ ಕೇಳುವವನು ದೇವರು, ಹಾಡುವುದು ಸಭೆ. ನಾನು ಸಭೆಯನ್ನೇ ಪ್ರೇಕ್ಷಕರನ್ನಾಗಿ ಮಾಡಿ ಕೂಡಿಸಿದ್ದೆ.

ಮೊದಲು ಪಟ್ಟಿ, ಅಂದರೆ ಹಾಡಿನ ಶ್ರುತಿ, ಇಳಿಸಿದೆ. ಮುಂದೆ ನಿಂತ ಹುಡುಗಿಯರಿಗೆ ಎರಡನೇ ಕಪ್ಪು ಮಣೆಯ ಶ್ರುತಿ, ಅಂದರೆ ಕರಿ ಎರಡು, ಸಲೀಸು. ಆದರೆ ಚರಣ ಮೇಲಿನ ರಿಷಭ ಮುಟ್ಟಿದ ಕೂಡಲೇ ಬೆಂಚಿನ ಮೇಲಿದ್ದ ಅರ್ಧ ಹೆಂಗಸರು ಬಾಯಿ ಮುಚ್ಚುತ್ತಿದ್ದರು. ಬಿಳಿ ಒಂದಕ್ಕೆ ತಂದ ಮೇಲೆ ಎರಡೇ ವಾರದಲ್ಲಿ ದನಿ ಎದ್ದವು. ಸ್ಪೀಕರಿನ ವಾಲ್ಯೂಮ್ ಅರ್ಧಕ್ಕೂ ಕೆಳಗೆ ಬಂತು, ಮೈಕು ಒಂದೇ ಉಳಿಯಿತು. ಹಾಡುವವರನ್ನು ಮುಂದಿನಿಂದ ಎಬ್ಬಿಸಿ ಜನರ ನಡುವೆ ಅಲ್ಲಲ್ಲಿ ಕೂಡಿಸಿದೆ. ಹೊಸ ಹಾಡು ತಿಂಗಳಿಗೆ ಒಂದೇ, ಅದನ್ನೂ ಆರಾಧನೆಗೆ ಹತ್ತು ನಿಮಿಷ ಮುಂಚೆ ಎಲ್ಲರಿಗೂ ಕಲಿಸಿಯೇ ಹಾಡುವುದು. ಕೊನೆಯ ಚರಣಕ್ಕೆ ಪೇಟಿಯಿಂದ ಕೈ ತೆಗೆಯುತ್ತೇನೆ. ಮೊದಮೊದಲು ಜನ ಗಾಬರಿಯಾಗಿ ನಿಲ್ಲಿಸಿಬಿಡುತ್ತಿದ್ದರು.

ಪೇಟಿ ಅಂದೆನಲ್ಲ, ಹೌದು, ಅದು ಕಪಾಟಿನಿಂದ ಹೊರಗೆ ಬಂತು. ಅದರ ಜೊತೆ ಭಜನೆಗಳೂ ಬಂದವು. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ, 1837ರಲ್ಲಿ ಧಾರವಾಡಕ್ಕೆ ಬಂದಾಗ ತಂದ ಜರ್ಮನ್ ರಾಗಗಳು ನನಗೂ ಪ್ರೀತಿಯವೇ. ಆದರೆ ಆ ರಾಗಕ್ಕೆ ಕನ್ನಡ ಕೂಡಿಸುವಾಗ ಹ್ರಸ್ವ ದೀರ್ಘ ಎಲ್ಲ ಕಲಸಿ, 'ದೇವರು' ಅನ್ನುವುದು 'ದೇವಾರೂ' ಆಗುತ್ತದೆ. ಅದೇ ಮಿಷನ್ನಿನ, ಕನ್ನಡ ನಿಘಂಟು ಮಾಡಿದ ಕಿಟೆಲ್ಲರಿಗೆ ಇದು ಗೊತ್ತಿದ್ದಿರಬೇಕು. ನಾಗವರ್ಮನ ಛಂದೋಂಬುಧಿಯನ್ನು 1875ರಲ್ಲಿ ಸಂಪಾದಿಸಿದ ಮನುಷ್ಯ, ಅದಕ್ಕೂ ಮುಂಚೆ 1862ರಲ್ಲೇ ಯೇಸುವಿನ ಕಥೆಯನ್ನು ನಮ್ಮ ಛಂದಸ್ಸಿನಲ್ಲಿ 'ಕಥಾಮಾಲೆ'ಯಾಗಿ ಬರೆದಿದ್ದರು. ಪೇಟಿಯ ಮೇಲೆ ಭೈರವಿ ಹಿಡಿದರೆ ನಮ್ಮ ಊರಿನವರಿಗೆ ಪುಸ್ತಕ ಬೇಕಾಗುವುದಿಲ್ಲ.

ಎಲ್ಲರೂ ಖುಷಿಪಟ್ಟರು ಅಂತಲ್ಲ. 'ಅಣ್ಣಾ, ಹಿಂಗಾದ್ರ ಹುಡುಗೂರು ಬರೂದಿಲ್ಲ' ಅಂತ ಡ್ರಮ್ ಬಾರಿಸುವ ಹುಡುಗ ಮುಖ ಸಿಂಡರಿಸಿದ. ಇಬ್ಬರು ಬಿಟ್ಟೇ ಹೋದರು, ಬೇರೆ ಕಡೆ ಚೆನ್ನಾಗಿ ಬಾರಿಸುತ್ತಿದ್ದಾರಂತೆ. ಅವರದು ತಪ್ಪು ಅನ್ನಲಾರೆ. ಬೈಬಲ್ಲಿನ ಅರಸ ದಾವೀದನೂ ದೇವರ ಮುಂದೆ ಕುಣಿದವನೇ.

ಇಷ್ಟೆಲ್ಲ ಮಾಡಿದರೂ ಆರಾಧನೆಯ ಸಂತೋಷ ಅಂದರೆ ಮನಸ್ಸು ಹಗುರಾಗುವುದು ಅಂತಲೇ ತಿಳಿದಿದ್ದೆ. ಅವ್ವ ತೀರಿಕೊಂಡ ಮೇಲೆ ಆ ಲೆಕ್ಕ ತಪ್ಪಿತು. ಮೂರು ತಿಂಗಳು ನನ್ನ ಬಾಯಿಂದ ಒಂದು ಸಾಲು ಹೊರಡಲಿಲ್ಲ. ಕೈ ತನ್ನಷ್ಟಕ್ಕೆ ಪೇಟಿಯ ಮೇಲೆ ಓಡುತ್ತಿತ್ತು, ಗಂಟಲು ಕಟ್ಟಿತ್ತು. ಒಂದು ರವಿವಾರ ಬೈಬಲ್ಲಿನ ಹದಿಮೂರನೇ ಕೀರ್ತನೆ ಓದಿದರು. ಇರುವುದೇ ಆರು ವಚನ. ಮೊದಲ ಎರಡರಲ್ಲೇ 'ಎಷ್ಟರವರೆಗೆ' ಅಂತ ನಾಲ್ಕು ಸಲ ಕೀರ್ತನೆಗಾರ ದೇವರನ್ನು ಕೇಳುತ್ತಾನೆ, ಜಗಳಕ್ಕೆ ನಿಂತವನ ಹಾಗೆ. ಆರನೆಯದರಲ್ಲಿ ಹಾಡುತ್ತಾನೆ. ನಡುವೆ ಅವನ ಕಷ್ಟ ತೀರಿತು ಅಂತ ಎಲ್ಲೂ ಬರೆದಿಲ್ಲ. ನೂರೈವತ್ತು ಕೀರ್ತನೆಗಳಲ್ಲಿ ಹೆಚ್ಚುಕಡಿಮೆ ಮೂರಕ್ಕೊಂದು ಇಂಥ ಗೋಳಿನವು. ನಾನು ಐದು ವರ್ಷ ಅವುಗಳಲ್ಲಿ ಒಂದನ್ನೂ ಆರಿಸಿರಲಿಲ್ಲ, ರಿದಮ್ಮಿಗೆ ಕೂಡುವುದಿಲ್ಲ ಅಂತ.

ಅಂದು ಕೊನೆಯ ಚರಣಕ್ಕೆ ಅಭ್ಯಾಸದಂತೆ ಕೈ ತೆಗೆದೆ. ಎಡಗಿವಿಯ ಹಿಂದೆ ಯಾರದೋ ದಪ್ಪ ದನಿ, ಶ್ರುತಿಗಿಂತ ಚೂರು ಕೆಳಗೆ. ಅದರ ಹಿಂದೆ ಹೆಂಗಸರು, ಅರ್ಧ ಮಾತ್ರೆ ತಡವಾಗಿ. ನನಗೆ ಬಾರದ ಹಾಡನ್ನು ಅವರು ನನ್ನ ಪರವಾಗಿಯೂ ಹಾಡುತ್ತಿದ್ದರು. ದುಃಖ ಎಳ್ಳಷ್ಟೂ ಇಳಿಯಲಿಲ್ಲ. ಆದರೂ ಅದಕ್ಕೆ ಸಂತೋಷ ಅನ್ನದೆ ನನ್ನ ಹತ್ತಿರ ಬೇರೆ ಹೆಸರಿಲ್ಲ.

ಆಮೇಲೆ ಸಮಾಧಾನ ಕೊಡುವ ಹೊತ್ತು. ದಕ್ಷಿಣ ಭಾರತ ಸಭೆಯ 1950ರ, ರೊಟ್ಟಿ ದ್ರಾಕ್ಷಾರಸ ಹಂಚುವ ಕರ್ತನ ಭೋಜನದ ಕ್ರಮದಲ್ಲಿ ಇದು ಬಂತು, ಕೇರಳದ ಸುರಿಯಾನಿ ಸಭೆಗಳ ಪದ್ಧತಿಯಿಂದ. ಜೋಡಿಸಿದ ಕೈಯನ್ನು ಎದುರಿನವರು ತಮ್ಮ ಎರಡು ಅಂಗೈಗಳ ನಡುವೆ ಹಿಡಿಯಬೇಕು, ಹಿಡಿದವರು ಪಕ್ಕದವರಿಗೆ ದಾಟಿಸಬೇಕು. ಅದನ್ನು ನಾನು ಯಾವಾಗಲೂ ಮುಂದಿನ ಹಾಡಿನ ಪುಟ ಹುಡುಕುವ ಸಮಯ ಅಂತ ಬಳಸಿಕೊಂಡಿದ್ದೆ. ಅಂದು ಮುಂದಿನ ಬೆಂಚಿನ ಆಯಿ ಪೇಟಿಯ ತನಕ ಬಂದಳು. ರೊಟ್ಟಿ ಬಡಿದು ಬಡಿದು ಗಟ್ಟಿಯಾದ ಅಂಗೈ. ಏನೂ ಅನ್ನಲಿಲ್ಲ, ಹಿಡಿದು ನಿಂತಳು, ಬಿಡಲೂ ಇಲ್ಲ. ಸಭಾಪಾಲಕರು ಕಾಣಿಕೆಯ ಹಾಡಿಗೆ ಕಾಯುತ್ತಿದ್ದರು.

ಈಗಲೂ ತಿಂಗಳಿಗೊಮ್ಮೆ ಹಿಂದಿನ ಬೆಂಚಿನ ಮೇಲೆ ಫೋನು ಇಡುತ್ತೇನೆ. ಕೆಮ್ಮು, ಕೂಸಿನ ಅಳು, ಬೆಂಚು ಕಿರುಗುಟ್ಟುವುದು ಎಲ್ಲ ಕೇಳುತ್ತದೆ, ಪೇಟಿ ಎಲ್ಲೋ ದೂರದಲ್ಲಿ. ಮಸ್ಕತ್ತಿನವನಿಗೆ ಈಗ ತಪ್ಪದೆ ಹೋಗುತ್ತದೆ.

ಹೋದ ವಾರ ಹೊರಗೆ ಚಪ್ಪಲಿ ಮೆಟ್ಟಿಕೊಳ್ಳುವಾಗ ಆಯಿ ಕರೆದಳು. 'ತಮ್ಮಾ, ಇನ್ನೊಂದ ಪಟ್ಟಿ ಇಳಸು. ಆ ಮೂರನೇ ಹಾಡಿನಾಗ ನನಗ ಉಸರ ಸಾಲೂದಿಲ್ಲ.'

'ಆಯಿ, ಇನ್ನೂ ಇಳಿಸಿದ್ರ ಗಂಡಸರ ದನಿ ನೆಲಕ್ಕ ಹತ್ತತೈತಿ.'

'ಹತ್ತಲಿ ಬಿಡು' ಅಂದಳು, ಕೊಡೆ ಬಿಚ್ಚುತ್ತಾ.