ತೊಟ್ಟಿಲು ತಿರುಗುವುದು ನಾಲ್ಕೇ ನಿಮಿಷ

ಜಾತ್ರೆಯ ಆಟದ ಬಯಲಿಗೆ ಒಂದು ಕುಟುಂಬ ಸಂಜೆ ಐದಕ್ಕೆ ಬಂದು ರಾತ್ರಿ ಒಂಬತ್ತಕ್ಕೆ ಹೊರಟರೆ ಒಟ್ಟು 240 ನಿಮಿಷ ಅಲ್ಲಿರುತ್ತದೆ. ಅದರಲ್ಲಿ ದೊಡ್ಡ ತೊಟ್ಟಿಲು, ಅಂದರೆ ಜಯಂಟ್ ವೀಲ್, ನಾಲ್ಕು ನಿಮಿಷ, ದೋಣಿಯಂತೆ ತೂಗುವ ಕೊಲಂಬಸ್ ಮೂರು, ಗಿರಗಿರ ತಿರುಗುವ ಬ್ರೇಕ್ ಡ್ಯಾನ್ಸ್ ಮೂರು, ಮಕ್ಕಳ ರೈಲು ಐದು. ಕೂಡಿದರೆ ಹದಿನೈದು. ಉಳಿದ 225 ನಿಮಿಷ ಅವರು ನೆಲದ ಮೇಲೇ ಇರುತ್ತಾರೆ. ನಡೆಯುತ್ತಾರೆ, ಸಾಲಿನಲ್ಲಿ ನಿಲ್ಲುತ್ತಾರೆ, ಮಂಡಕ್ಕಿ ಮಿರ್ಚಿ ತಿನ್ನುತ್ತಾರೆ, ನಿದ್ದೆ ಬಂದ ಕೂಸನ್ನು ಹೆಗಲಿಗೆ ಹಾಕಿಕೊಂಡು ಕೂರಲು ಜಾಗ ಹುಡುಕುತ್ತಾರೆ. ಕೊಪ್ಪಳ ಸೀಮೆಯ ಜಾತ್ರೆಗಳಲ್ಲಿ ಆಟದ ಬಯಲು ಹಾಕುವಾಗ ನಮ್ಮ ದುಡಿಮೆಯ ಮುಕ್ಕಾಲು ಪಾಲು ಹೋಗುವುದು ಈ 225 ನಿಮಿಷಕ್ಕೆ. ಬಿಡದಿಯ ವಂಡರ್‌ಲಾ ನೋಡಿ ಬಂದ ಹುಡುಗರು ಅಲ್ಲಿಯಂಥ ಯಂತ್ರ ನಮ್ಮಲ್ಲೂ ಬೇಕೆನ್ನುತ್ತಾರೆ, ಅದು ಸಹಜ. ಆದರೆ ಒಂದೇ ತೊಟ್ಟಿಲು ಒಂದೇ ವರ್ಷ ಹತ್ತು ಜಾತ್ರೆ ಸುತ್ತುತ್ತದೆ. ಕೆಲವು ಊರಲ್ಲಿ ಜನ ಮೈಮರೆಯುತ್ತಾರೆ, ಕೆಲವು ಊರಲ್ಲಿ ಏಳು ಗಂಟೆಗೇ ಮನೆಯ ದಾರಿ ಹಿಡಿಯುತ್ತಾರೆ. ಬದಲಾಗುವುದು ನೆಲ, ನೀರು, ಸಾಲು, ಬೆಳಕು.

1955ರ ಜುಲೈ 17ರಂದು ಕ್ಯಾಲಿಫೋರ್ನಿಯಾದ ಅನಾಹೈಮ್‌ನಲ್ಲಿ ಡಿಸ್ನಿಲ್ಯಾಂಡ್ ಬಾಗಿಲು ತೆರೆದಾಗ ಕೋಟೆ ಇತ್ತು, ರೈಲು ಇತ್ತು, ದೋಣಿ ಇತ್ತು. ಆದರೆ ಸುಡು ಬಿಸಿಲು. ಹೊಸದಾಗಿ ಹಾಕಿದ ಡಾಂಬರು ಮೆತ್ತಗಾಗಿ ಹೆಂಗಸರ ಚಪ್ಪಲಿಯ ಹಿಮ್ಮಡಿ ಹೂತವು. ಕೊಳಾಯಿ ಕೆಲಸಗಾರರ ಮುಷ್ಕರದಿಂದಾಗಿ ಕುಡಿಯುವ ನೀರಿನ ನಲ್ಲಿ ಸಾಕಷ್ಟು ಇರಲಿಲ್ಲ. ಅಷ್ಟು ದೊಡ್ಡ ಕನಸು ಮೊದಲ ದಿನ ಎಡವಿದ್ದು ಕಾಲಲ್ಲಿ ಮತ್ತು ಗಂಟಲಲ್ಲಿ. ಅದಕ್ಕೇ ನಾವೂ ಕೆಲಸ ಶುರು ಮಾಡುವುದು ಕಾಲಿನಿಂದ.

ಮಸಾರಿ, ಅಂದರೆ ಕೆಂಪು ಮಣ್ಣಿನ ಹೊಲ ಸಿಕ್ಕರೆ ಅರ್ಧ ಗೆದ್ದಂತೆ. ಎರಿ, ಅಂದರೆ ಕಪ್ಪು ಮಣ್ಣಿನ ಭೂಮಿ ಸಿಕ್ಕರೆ ಕೆಲಸ ಜಾಸ್ತಿ, ಏಕೆಂದರೆ ಎರಿ ಒಣಗಿದರೆ ಬಿರಿಯುತ್ತದೆ, ನೀರು ಕುಡಿದರೆ ಉಬ್ಬುತ್ತದೆ. ಜನವರಿ ಹೊತ್ತಿಗೆ ಕೈಬೆರಳು ತೂರುವಷ್ಟು ಬಿರುಕು ಇರುತ್ತವೆ, ಅಲ್ಲಿ ಮುದುಕಿಯ ಕಾಲು ಸಿಕ್ಕಿಕೊಂಡರೆ ಆ ಮನೆಯವರ ಜಾತ್ರೆ ಅಲ್ಲಿಗೆ ಮುಗಿಯಿತು. ಮುಖ್ಯ ದಾರಿಗೆ ಗರಸು, ಅಂದರೆ ಜಲ್ಲಿ ಬೆರೆತ ಗಟ್ಟಿ ಮಣ್ಣು, ಹಾಕಲೇಬೇಕು. ಹನ್ನೆರಡು ಅಡಿ ಅಗಲ, 500 ಅಡಿ ಉದ್ದ, ನಾಲ್ಕು ಇಂಚು ದಪ್ಪ ಅಂದರೆ 2,000 ಘನ ಅಡಿ, ನೂರು ಘನ ಅಡಿಗೊಂದು ಬ್ರಾಸ್‌ನಂತೆ ಇಪ್ಪತ್ತು ಬ್ರಾಸ್. ರೋಲರ್ ಓಡಿದ ಮೇಲೆ ಕುಗ್ಗುತ್ತದೆ, ಆದ್ದರಿಂದ ಇಪ್ಪತ್ತೈದು ಬ್ರಾಸ್ ಹೇಳಿರಬೇಕು. ತೊಟ್ಟಿಲಿನ ಕಾಲಿನ ಕೆಳಗೆ ಮೊದಲು ಗರಸು ಕುಟ್ಟಿ, ಅದರ ಮೇಲೆ ಸ್ಲೀಪರ್ ಎನ್ನುವ ದಪ್ಪ ಕಟ್ಟಿಗೆ ತೊಲೆ ಕೂರಿಸಿ, ಸಮ ಇದೆಯೇ ಅಂತ ರಸಮಟ್ಟ ಇಟ್ಟು ನೋಡುತ್ತೇವೆ. ಇದು ಒಂದು ಸಲದ ಕೆಲಸವಲ್ಲ. ಎಲ್ಲಿಂದಲೋ ಹರಿದ ಒಂದು ಟ್ಯಾಂಕರ್ ನೀರು ರಾತ್ರಿ ಸ್ಲೀಪರ್ ಅಡಿಗೆ ಸೇರಿದರೆ ಬೆಳಗಾಗುವಷ್ಟರಲ್ಲಿ ಒಂದು ಕಾಲು ಎದ್ದಿರುತ್ತದೆ. ದಿನಾ ಮಧ್ಯಾಹ್ನ ಆಟ ಶುರುವಾಗುವ ಮುಂಚೆ ರಸಮಟ್ಟ ಇಡದೆ ಮೋಟಾರ್ ಮುಟ್ಟಬಾರದು.

ದೂಳು ನಮ್ಮ ಕಡೆಯ ದೊಡ್ಡ ಶತ್ರು. ಒಂದು ಚದರ ಮೀಟರಿಗೆ ಒಂದು ಲೀಟರ್ ಲೆಕ್ಕದಲ್ಲಿ ಎಕರೆಗೆ ಸುಮಾರು 4,000 ಲೀಟರ್ ನೀರು. ಮೂರೂವರೆಗೆ ಮುಕ್ಕಾಲು ಪಾಲು, ಜನ ಸೇರುವ ಮುಂಚೆ ಐದಕ್ಕೆ ಹತ್ತು ನಿಮಿಷ ಇರುವಾಗ ಉಳಿದದ್ದು. ಪೈಪಿನ ಬಾಯಿಗೆ ತೂತಿನ ಜಾಲರಿ ಇರಲಿ. ನೇರ ಧಾರೆ ಬಿಟ್ಟರೆ ಎರಿಯಲ್ಲಿ ರಾಡಿಯಾಗುತ್ತದೆ, ಹೊಸ ಸೀರೆಯ ಅಂಚು ಹಾಳಾಗುತ್ತದೆ.

ಕೊಪ್ಪಳದ ಗವಿಮಠದ ಜಾತ್ರೆ ಬನದ ಹುಣ್ಣಿಮೆ ಕಳೆದು ಎರಡು ದಿನಕ್ಕೆ, ಹೆಚ್ಚಿನ ವರ್ಷ ಜನವರಿಯಲ್ಲಿ. ಆ ದಿನಗಳಲ್ಲಿ ನಮ್ಮಲ್ಲಿ ಮೂಡಗಾಳಿ. ಹಾಗಾಗಿ ಮಿರ್ಚಿ ಕರಿಯುವ ಕಡಾಯಿ ಗೇಟಿನ ಮೂಡಲಿಗೆ, ಜನರೇಟರ್ ಮತ್ತು ಸಂಡಾಸು ಬಯಲಿನ ಪಡುವಲ ಮೂಲೆಗೆ. ಗಾಡಿ ನಿಲ್ಲಿಸಿ ನಡೆದು ಬರುವವರ ಮೂಗಿಗೆ ಮೊದಲು ಬಡಿಯಬೇಕಾದ್ದು ಬಿಸಿ ಎಣ್ಣೆಯಲ್ಲಿ ಬೇಯುವ ಕಡಲೆಹಿಟ್ಟಿನ ವಾಸನೆ. ಅದೇ ಜಾಗಕ್ಕೆ ಡೀಸೆಲ್ ಹೊಗೆ ಬಂದರೆ ಮುಂದೆ ಎಷ್ಟು ದೀಪ ಹಚ್ಚಿದರೂ ಜನರ ಮುಖ ಅರಳುವುದಿಲ್ಲ. ಬೇಸಿಗೆಯ ಜಾತ್ರೆಗೆ ಗಾಳಿ ಬೇರೆ. ಒಂದು ದಿನ ಮುಂಚೆ ಸಂಜೆ ಆರಕ್ಕೆ ಒಂದು ಹಿಡಿ ಹೊಟ್ಟು ತೂರಿ ನೋಡಿದರೆ ದಿಕ್ಕು ತಿಳಿಯುತ್ತದೆ.

ಗೇಟನ್ನು ನಾವು ನೇರ ತೆರೆಯುವುದಿಲ್ಲ. ಡಿಸ್ನಿಲ್ಯಾಂಡ್ ಸುತ್ತ ಮಣ್ಣಿನ ದಿಬ್ಬ ಎಬ್ಬಿಸಿ ಹೊರಗಿನ ಊರು ಕಾಣದಂತೆ ಮಾಡಿದ್ದಾರೆ. ಒಳಗೆ ಕಾಲಿಟ್ಟವರ ಕಣ್ಣು ಬೀದಿಯ ಕೊನೆಯ ಕೋಟೆಗೆ ನೆಡುತ್ತದೆ. ಆ ಕೋಟೆಯ ಎತ್ತರ 77 ಅಡಿ ಮಾತ್ರ. ಮೇಲೆ ಹೋದಂತೆ ಕಲ್ಲುಗಳ ಅಳತೆ ಚಿಕ್ಕದು ಮಾಡಿರುವುದರಿಂದ ಅದು ಇನ್ನೂ ಎತ್ತರ ಕಾಣುತ್ತದೆ. ನಮ್ಮಲ್ಲಿ ದಿಬ್ಬದ ಬದಲು ಎಂಟು ಅಡಿ ತಾಡಪತ್ರಿ. ಗೇಟಿನಿಂದ ಮೂವತ್ತು ಅಡಿ ಬಟ್ಟೆಯ ಓಣಿ, ಅದರಲ್ಲಿ ಒಂದು ತಿರುವು. ತಿರುವು ದಾಟಿದ ಕೂಡಲೇ ಇಡೀ ತೊಟ್ಟಿಲು ಎದುರಿಗೆ ಬರಬೇಕು. ಅಲ್ಲಿ ಮಕ್ಕಳು ನಿಂತುಬಿಡುತ್ತಾರೆ, ಹಿಂದಿನವರು ಡಿಕ್ಕಿ ಹೊಡೆಯುತ್ತಾರೆ. ಆದ್ದರಿಂದ ತಿರುವಿನ ಆಚೆ ನಲವತ್ತು ಅಡಿ ಚೌಕ ಖಾಲಿ ಬಿಡುವುದು ಕಡ್ಡಾಯ. ಟಿಕೆಟ್ ಕೌಂಟರ್ ಆ ಚೌಕದ ಪಕ್ಕಕ್ಕೆ, ಎದುರಿಗೆ ಬೇಡ. ಮೊದಲ ನೋಟಕ್ಕೆ ದರದ ಬೋರ್ಡು ಕಾಣುವುದು ಒಳ್ಳೆಯದಲ್ಲ. ಆಳುಗಳ ಗುಡಾರ, ಒಣಹಾಕಿದ ಬಟ್ಟೆ, ಬಿಡಿಭಾಗದ ಲಾರಿ ಎಲ್ಲವೂ ತಾಡಪತ್ರಿಯ ಹಿಂದೆ.

ಇನ್ನು ಸಾಲು. ಆಟದ ಬಯಲು ಉಳಿಯುವುದೂ ಕೆಡುವುದೂ ಇಲ್ಲೇ.

ದೊಡ್ಡ ತೊಟ್ಟಿಲೆಂದರೆ ಕೂರುವ ಹದಿನಾರು ಸಣ್ಣ ತೊಟ್ಟಿಲಿನ ಚಕ್ರ, ಅದಕ್ಕೆ ತಲಾ ನಾಲ್ಕರಂತೆ 64 ಜನ. ಒಂದೊಂದು ತೊಟ್ಟಿಲನ್ನು ನಿಲ್ಲಿಸಿ ಇಳಿಸಿ ಹತ್ತಿಸಲು ಅರ್ಧ ನಿಮಿಷ ಹಿಡಿದರೆ ಹತ್ತಿಸುವುದಕ್ಕೇ ಎಂಟು ನಿಮಿಷ, ತಿರುಗಲು ನಾಲ್ಕು. ಗಂಟೆಗೆ ಐದು ಸುತ್ತು, 320 ಜನ. 1893ರಲ್ಲಿ ಷಿಕಾಗೋದಲ್ಲಿ ಎಂಜಿನಿಯರ್ ಫೆರಿಸ್ ನಿಲ್ಲಿಸಿದ ಮೊದಲ ಮಹಾಚಕ್ರಕ್ಕೆ 264 ಅಡಿ ಎತ್ತರ, 36 ಕೋಣೆ, ಕೋಣೆಗೆ 60 ಜನ. ಅಲ್ಲೂ ಮೊದಲ ಸುತ್ತು ಪೂರ್ತಿ ಆರು ಕಡೆ ನಿಂತು ಇಳಿಸಿ ಹತ್ತಿಸುವುದಕ್ಕೇ, ಎರಡನೇ ಸುತ್ತಷ್ಟೇ ತಡೆಯಿಲ್ಲದೆ ತಿರುಗುತ್ತಿತ್ತು. ಚಕ್ರದ ಗುಣವೇ ಅದು. ವೇಗ ಹೆಚ್ಚಿಸಿ ಸಾಲು ಕರಗಿಸಲು ಹೋಗುವವರು ಜನರ ಹೊಟ್ಟೆ ತೊಳಸುತ್ತಾರೆ ಅಷ್ಟೇ. ಗೆಲ್ಲಬೇಕಾದ್ದು ಹತ್ತಿಸುವ ಅರ್ಧ ನಿಮಿಷವನ್ನು. ನಾವು ಮಾಡಿದ್ದು ಮೂರು ಬದಲಾವಣೆ. ಟಿಕೆಟ್ ಹರಿಯುವುದು ಮೆಟ್ಟಿಲ ಮೇಲಲ್ಲ, ಮೂವತ್ತು ಅಡಿ ಹಿಂದೆ. ಇಳಿಯುವವರಿಗೆ ಎಡಗಡೆ ಹಲಗೆ, ಹತ್ತುವವರಿಗೆ ಬಲಗಡೆ. ಮುಂದಿನ ನಾಲ್ವರನ್ನು ಒಂದು ಸುಣ್ಣದ ಗೆರೆಯೊಳಗೆ ಮೊದಲೇ ಒಟ್ಟಿಗೆ ನಿಲ್ಲಿಸುವುದು, ಇದರಿಂದ ಅವ್ವ ಒಂದು ತೊಟ್ಟಿಲು, ಮಗ ಇನ್ನೊಂದು ತೊಟ್ಟಿಲು ಅಂತ ಕೊನೆಗಳಿಗೆಯ ಗೊಂದಲ ಇರುವುದಿಲ್ಲ. ಮೂವತ್ತು ಸೆಕೆಂಡು ಇಪ್ಪತ್ತಕ್ಕೆ ಇಳಿಯುತ್ತದೆ, ಗಂಟೆಗೆ ಸುಮಾರು 400 ಜನ ಹತ್ತುತ್ತಾರೆ.

ಹತ್ತಿಸುವ ಸರದಿಗೂ ಲೆಕ್ಕವಿದೆ. 1, 2, 3 ಅಂತ ಸಾಲಾಗಿ ತುಂಬಿದರೆ ಚಕ್ರದ ಒಂದು ಮಗ್ಗುಲು ಭಾರವಾಗಿ ಬೆಲ್ಟ್ ಜಾರುತ್ತದೆ, ಬ್ರೇಕ್ ಎಳೆಯುತ್ತದೆ, ಚಲಿಸುವಾಗ ಜಗ್ಗುತ್ತದೆ. ಮೇಲಿದ್ದ ಮಗು ಬೆದರುವುದು ಎತ್ತರಕ್ಕಲ್ಲ, ಆ ಜಗ್ಗುವಿಕೆಗೆ. ಒಂದನೆಯದು ತುಂಬಿದ ಮೇಲೆ ಅದರ ಎದುರಿನ ಒಂಬತ್ತು, ಆಮೇಲೆ ಐದು, ಆಮೇಲೆ ಹದಿಮೂರು, ಹೀಗೆ ಎದುರುಬದುರು ತುಂಬಬೇಕು. ಇಳಿಸುವಾಗಲೂ ಅದೇ ಸರದಿ.

ಸಾಲಿಗೆ ಬಿದಿರು ಗಳ ಕಟ್ಟಿ ಎರಡೂವರೆ ಅಡಿ ಅಗಲದ ಪಟ್ಟಿ ಮಾಡುತ್ತೇವೆ. ಕೂಸನ್ನು ಕಂಕುಳಲ್ಲಿಟ್ಟುಕೊಂಡ ತಾಯಿ ಆರಾಮಾಗಿ ನಿಲ್ಲುತ್ತಾಳೆ, ಪಕ್ಕದಿಂದ ನುಗ್ಗುವವನಿಗೆ ಜಾಗ ಸಿಗುವುದಿಲ್ಲ. ಪಟ್ಟಿಯ ಉದ್ದ ಇಪ್ಪತ್ತು ಅಡಿ, ಆಮೇಲೆ ತಿರುವು. ಜಾತ್ರೆಯ ನೂಕಿನಲ್ಲಿ ಅಡಿಗೊಬ್ಬರಂತೆ ಒಂದು ಪಟ್ಟಿಗೆ ಇಪ್ಪತ್ತು ಜನ, ಗಂಟೆಗೆ 400ರ ಲೆಕ್ಕದಲ್ಲಿ ಅದು ಮೂರು ನಿಮಿಷ. ಎಂಟು ಪಟ್ಟಿ ತುಂಬಿದರೆ 24 ನಿಮಿಷ. ಅಲ್ಲಿನ ಬೋರ್ಡಿನಲ್ಲಿ "ಇಲ್ಲಿಂದ 30 ನಿಮಿಷ" ಎಂದು ಬರೆಯುತ್ತೇವೆ, ನಡುವೆ ಎರಡು ತೊಟ್ಟಿಲು ತಡವಾದರೂ ಮಾತು ತಪ್ಪಬಾರದು ಅಂತ. ಹೇಳಿದ್ದಕ್ಕಿಂತ ಮುಂಚೆ ಸರದಿ ಬಂದವರು ನಗುತ್ತಾ ಹತ್ತುತ್ತಾರೆ. ಕಡಿಮೆ ಬರೆದರೆ ಐದೇ ನಿಮಿಷ ಹೆಚ್ಚಾದರೂ ಜಗಳ.

ಸಾಲಿನ ಮೇಲೆ ಒಂಬತ್ತು ಅಡಿ ಎತ್ತರಕ್ಕೆ ಹಸಿರು ನೆಟ್, ಮೂರನೇ ತಿರುವಿನಲ್ಲಿ ನೀರಿನ ಹರವಿ. ತಿರುವುಗಳಲ್ಲಿ ಒಗಟಿನ ಬೋರ್ಡು. ಒಂದು ತಿರುವಿನಲ್ಲಿ "ಅಂಗಡಿಯಿಂದ ತಂದು ಮುಂದಿಟ್ಟುಕೊಂಡು ಅಳೋದು ಏನು?" ಅಂತಿದ್ದರೆ ಮುಂದಿನ ತಿರುವಿನಲ್ಲಿ ಉಳ್ಳಾಗಡ್ಡಿಯ ಚಿತ್ರ. ಅಜ್ಜಿಗೆ ಉತ್ತರ ಗೊತ್ತಿರುತ್ತದೆ, ಮೊಮ್ಮಗಳಿಗೆ ಹೇಳದೆ ಆಟ ಆಡಿಸುತ್ತಾಳೆ, ಮೂರು ನಿಮಿಷ ಹೋದದ್ದೇ ತಿಳಿಯುವುದಿಲ್ಲ. ತೊಟ್ಟಿಲಿನಿಂದ ಇಳಿದವರು ಸಾಲಿನ ಮುಂದೆಯೇ ಹಾದುಹೋಗುವಂತೆ ದಾರಿ ಇರಲಿ. ಕಾಯುವವರಿಗೆ ಇಳಿದವರ ಮುಖಕ್ಕಿಂತ ದೊಡ್ಡ ಜಾಹೀರಾತು ಬೇಕಿಲ್ಲ.

ಎತ್ತರದ ಕೋಲನ್ನು ಹೆಚ್ಚಿನ ಕಡೆ ಹತ್ತುವ ಮೆಟ್ಟಿಲ ಬಳಿ ನಿಲ್ಲಿಸಿರುತ್ತಾರೆ. ಇದಕ್ಕಿಂತ ದೊಡ್ಡ ತಪ್ಪು ನಮ್ಮ ಕಸುಬಿನಲ್ಲಿ ಇಲ್ಲ. ಇಪ್ಪತ್ತು ನಿಮಿಷ ನಿಂತ ಮಗುವಿಗೆ ಕೊನೆಯ ಹೆಜ್ಜೆಯಲ್ಲಿ "ನೀ ಸಣ್ಣಾಕಿ ಅದಿ, ಬ್ಯಾಡ" ಅಂದರೆ ಆ ಅಳು ಬಸ್ ಹತ್ತುವ ತನಕ ನಿಲ್ಲುವುದಿಲ್ಲ. ಕೋಲು ಸಾಲಿನ ಬಾಲದಲ್ಲಿರಬೇಕು. ಅದಕ್ಕೆ ಗಿಳಿಯ ಚಿತ್ರ ಬರೆದು, ಕೊಲಂಬಸ್‌ಗೆ ಬೇಕಾದ ಎತ್ತರಕ್ಕೆ ಗಿಳಿಯ ಕೊಕ್ಕು ಬರುವಂತೆ ಮಾಡಿದ್ದೇವೆ. ಕೊಕ್ಕು ಮುಟ್ಟದ ಮಗುವಿಗೆ ಅಲ್ಲೇ ಕೆಂಪು ಬಿಲ್ಲೆ, ಮಕ್ಕಳ ರೈಲಿನಲ್ಲಿ ಎಂಜಿನ್ನಿನ ಪಕ್ಕದ ಮೊದಲ ಸೀಟು. ಕಾವಲು ನಿಂತವರು ಮೊಣಕಾಲೂರಿ ಮಗುವಿನ ಕಣ್ಣಿಗೆ ಕಣ್ಣು ಕೊಟ್ಟು ಬಿಲ್ಲೆ ಕೊಡಬೇಕು. ನಿಂತಲ್ಲಿಂದ ಚಾಚಿದರೆ ಅದು ಸಮಾಧಾನ ಆಗುವುದಿಲ್ಲ.

ಯಂತ್ರ ನಿಂತಾಗ ಒಂದು ನಿಮಿಷದೊಳಗೆ ಕಾರಣ ಹೇಳಲೇಬೇಕು. "ಅಕ್ಕಾರ, ಅಣ್ಣಾರ, ಬೆಲ್ಟ್ ಬದಲಿ ಮಾಡಾಕತ್ತೇವಿ, ಹತ್ತು ನಿಮಿಷ ಆಗತೈತಿ, ರೊಕ್ಕ ವಾಪಸ್ ಬೇಕಂದ್ರ ಈಗ ಕೊಡ್ತೀವಿ" ಅಂದರೆ ಹೆಚ್ಚಿನವರು ನಿಲ್ಲುತ್ತಾರೆ. ಸುಮ್ಮನಿದ್ದರೆ ಐದನೇ ನಿಮಿಷಕ್ಕೆ ಪುಕಾರು ಹುಟ್ಟುತ್ತದೆ. ಬದಲಿ ಬೆಲ್ಟ್ ಚಕ್ರದ ಬುಡದಲ್ಲೇ ಇರಲಿ, ಲಾರಿಯಲ್ಲಲ್ಲ.

ಬೆಳಕಿನದು ನನಗೆ ಅತಿ ಪ್ರೀತಿಯ ಕೆಲಸ. ಜನವರಿಯಲ್ಲಿ ನಮ್ಮಲ್ಲಿ ಹೊತ್ತು ಮುಳುಗುವುದು ಆರೂಕಾಲರ ಆಸುಪಾಸಿನಲ್ಲಿ. ದೀಪ ಹಚ್ಚಬೇಕಾದ್ದು ಅದಾಗಿ ಹದಿನೈದು ನಿಮಿಷಕ್ಕೆ, ಆಕಾಶ ಇನ್ನೂ ಗಾಢ ನೀಲಿ ಇರುವಾಗ. ಐದಕ್ಕೇ ಹಚ್ಚಿದರೆ ಯಾರ ಕಣ್ಣಿಗೂ ಬೀಳುವುದಿಲ್ಲ, ಏಳಕ್ಕೆ ಹಚ್ಚಿದರೆ ಕಪ್ಪು ಆಕಾಶದಲ್ಲಿ ಬರೀ ಚುಕ್ಕಿಗಳು. ಮೊದಲು ತೊಟ್ಟಿಲಿನ ನಡುಗುಂಬ, ಎರಡು ಉಸಿರು ಬಿಟ್ಟು ಅರಗಳು, ಕೊನೆಗೆ ಹೊರಸುತ್ತು. ಬಯಲೆಲ್ಲ ಒಮ್ಮೆ "ಹೋ" ಅನ್ನುತ್ತದೆ. ಈ ಗಳಿಗೆ ಕೆಡುವುದು ಎರಡು ಕಾರಣಕ್ಕೆ. ಒಂದು, ಯಾರೋ ಅಂಗಡಿಯವರು ಕಟ್ಟಿದ ಬಿಳಿ ಫ್ಲಡ್‌ಲೈಟ್. ಕಣ್ಣಿಗೆ ಹೊಡೆಯುವ ಒಂದು ಬಿಳಿ ದೀಪ ಸಾವಿರ ಬಣ್ಣದ ಬಲ್ಬುಗಳನ್ನು ನುಂಗುತ್ತದೆ. ಫ್ಲಡ್‌ಲೈಟ್ ಬೇಕಾದರೆ ನಲವತ್ತು ಅಡಿ ಮೇಲೆ, ಮುಖ ನೆಲಕ್ಕೆ. ಅಂಗಡಿಗಳಿಗೆ ಹಳದಿ ಬಲ್ಬು, ಅದರಡಿ ಜಿಲೇಬಿಯೂ ಚಂದ, ಮನುಷ್ಯರ ಮುಖವೂ ಚಂದ. ಇನ್ನೊಂದು, ಮೋಟಾರು ಮತ್ತು ದೀಪ ಒಂದೇ ಜನರೇಟರಿನಲ್ಲಿರುವುದು. ಕೊಲಂಬಸ್ ಮೋಟಾರು ಚಾಲೂ ಆದಾಗಲೆಲ್ಲ ವೋಲ್ಟೇಜ್ ಕುಸಿದು ಇಡೀ ಬಯಲು ಕಣ್ಣು ಮಿಟುಕಿಸುತ್ತದೆ. ದೀಪಕ್ಕೆ ಬೇರೆ ಜನರೇಟರ್, ಮೋಟಾರಿಗೆ 62.5 ಕೆವಿಎಯದು ಬೇರೆ, ಅದರ ಮೇಲೂ ಮುಕ್ಕಾಲಿಗಿಂತ ಹೆಚ್ಚು ಹೊರೆ ಬೇಡ. ಅರ್ಥಿಂಗ್ ಗುಂಡಿಗೆ ದಿನಾ ಎರಡು ಕೊಡ ನೀರು, ನಮ್ಮ ನೆಲ ಬೇಗ ಒಣಗುತ್ತದೆ. ಜನರ ಕೈ ತಾಕುವ ಕಡೆಯ ಎಲ್ಲ ಲೈನಿಗೂ 30 ಮಿಲಿಆಂಪಿಯರಿನ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯುವ ಸ್ವಿಚ್.

ಸದ್ದಿನ ಬಗ್ಗೆ ಇಷ್ಟೇ: ಪ್ರತಿ ಆಟಕ್ಕೊಂದು ಹಾರ್ನ್ ಕಟ್ಟಿದರೆ ಯಾವುದೂ ಕೇಳಿಸುವುದಿಲ್ಲ, ಕೂಸುಗಳು ಕಿರುಚುತ್ತವೆ. ಸಣ್ಣ ಪೆಟ್ಟಿಗೆಗಳನ್ನು ಕೆಳಮುಖ ಮಾಡಿ, ಎರಡು ಆಟದ ನಡುವೆ ಅರವತ್ತು ಅಡಿ ಬಿಡಬೇಕು. ರಾತ್ರಿ ಹತ್ತಕ್ಕೆ ಎಲ್ಲ ಬಂದ್, ಅದು ಕಾನೂನು.

ಹೆಂಗಸರ ಸಂಡಾಸು ಗಂಡಸರದ್ದಕ್ಕಿಂತ ಎರಡರಷ್ಟಿರಬೇಕು. ಒಳಗೆ ದೀಪ, ಬೀಳದ ಚಿಲಕ, ಚೀಲ ತೂಗಲು ಮೊಳೆ, ತುಂಬಿದ ಬಕೆಟ್. ಇವಿಲ್ಲದ ಬಯಲಿಗೆ ಬರುವ ಹೆಣ್ಣುಮಕ್ಕಳು ಮಧ್ಯಾಹ್ನದಿಂದಲೇ ನೀರು ಕುಡಿಯುವುದನ್ನು ಬಿಡುತ್ತಾರೆ. ಎಂಟು ಗಂಟೆಗೆ ತಲೆ ಸಿಡಿಯುತ್ತದೆ, "ನಡೀರಿ, ಸಾಕಾತು" ಅನ್ನುತ್ತಾರೆ, ಇಡೀ ಮನೆ ಹೊರಡುತ್ತದೆ. ಕಾರಣ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಇದನ್ನು ಅರ್ಥ ಮಾಡಿಕೊಳ್ಳದವರು ಹೊಸ ಆಟ ತಂದು ನಿಲ್ಲಿಸುತ್ತಲೇ ಇರುತ್ತಾರೆ.

ಕಸದ ಬುಟ್ಟಿ ಮಿರ್ಚಿ ಅಂಗಡಿಯ ಪಕ್ಕ ಇಟ್ಟರೆ ಖಾಲಿ ಇರುತ್ತದೆ. ಒಂದು ಮಿರ್ಚಿ ತಿಂದು ಮುಗಿಯುವುದು ಇಪ್ಪತ್ತು, ಇಪ್ಪತ್ತೈದು ಹೆಜ್ಜೆಗೆ. ಬುಟ್ಟಿ ಬೇಕಾದ್ದು ಅಲ್ಲಿ.

ಗೇಟಿನಲ್ಲೇ ಮಗುವಿನ ಮುಂಗೈ ಮೇಲೆ ಮನೆಯವರ ಫೋನ್ ನಂಬರ್ ಬರೆಯುತ್ತೇವೆ. ಮಗು ತಪ್ಪಿಸಿಕೊಂಡು ಸಿಕ್ಕಾಗ ಮೈಕಿನಲ್ಲಿ ಅದರ ಹೆಸರು, ಅಂಗಿಯ ಬಣ್ಣ ಕೂಗುವುದಿಲ್ಲ, ಯಾರು ಬೇಕಾದರೂ ಬಂದು ತಮ್ಮದೆನ್ನಬಹುದು. "ಒಂದು ಮಗು ನಮ್ಮ ಬಳಿ ಆರಾಮೈತಿ" ಅಂತಷ್ಟೇ ಹೇಳಿ, ಬಂದವರಿಂದಲೇ ಗುರುತು ಕೇಳುತ್ತೇವೆ.

ಹೊರಹೋಗುವ ದಾರಿ ಬೇರೆಯೇ ಇರಬೇಕು, ಬೆಂಡು ಬತ್ತಾಸಿನ ಅಂಗಡಿಗಳ ನಡುವೆ. ಅಲ್ಲಿ ಹಾಡಿಲ್ಲ, ಬೆಳಕೂ ಮಂದ, ಏಕೆಂದರೆ ಆಗ ಅರ್ಧ ಮಕ್ಕಳು ಹೆಗಲ ಮೇಲೆ ಮಲಗಿರುತ್ತಾರೆ. ದಾರಿಯ ಕೊನೆಯಲ್ಲಿ ದೊಡ್ಡ ಅಕ್ಷರದಲ್ಲಿ ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆಯ ಕೊನೆಯ ಬಸ್ಸಿನ ಹೊತ್ತು. ಗಾಡಿ ನಿಲ್ಲಿಸುವ ಹೊಲದಲ್ಲಿ ಸಾಲಿಗೊಂದು ಬಣ್ಣದ ಬಾವುಟ, ಬುಡದಲ್ಲಿ ಸಣ್ಣ ದೀಪ. ಟಿಕೆಟ್ ತುಂಡಿನ ಹಿಂದೆ ಅದೇ ಬಣ್ಣದ ಮುದ್ರೆ ಸಂಜೆಯೇ ಒತ್ತಿರುತ್ತೇವೆ. ಮಲಗಿದ ಮಗುವನ್ನು ಎತ್ತಿಕೊಂಡು ಬಂದ ತಂದೆ ಆ ತುಂಡು ತೋರಿಸಿದರೆ ಸಾಕು, ಹುಡುಗರು ಬ್ಯಾಟರಿ ಹಿಡಿದು ಗಾಡಿಯ ತನಕ ಜೊತೆಗೆ ಹೋಗುತ್ತಾರೆ.