ದೊಡ್ಡವರಲ್ಲೂ ಎಡಿಎಚ್‌ಡಿ: ಗುರುತಿಸುವುದು ಹೇಗೆ?

ಕೈಗೆತ್ತಿಕೊಂಡ ಕೆಲಸವೆಲ್ಲ ಅರ್ಧಕ್ಕೇ ನಿಲ್ಲುತ್ತದೆ. ದುಡ್ಡಿದ್ದರೂ ಬಿಲ್ ಕಟ್ಟುವ ಕೊನೆ ದಿನ ದಾಟಿಹೋಗಿರುತ್ತದೆ. ಇಂಥವರನ್ನು ಚಿಕ್ಕಂದಿನಿಂದಲೂ ಸೋಮಾರಿ, ಬೇಜವಾಬ್ದಾರಿ ಎಂದೇ ಬೈದಿರುತ್ತಾರೆ. ಎಷ್ಟೋ ಜನ ಅದನ್ನೇ ನಿಜವೆಂದು ನಂಬಿಬಿಟ್ಟಿರುತ್ತಾರೆ, ಅದೇ ಬೇಸರದ ಸಂಗತಿ. ಇವರಲ್ಲಿ ಕೆಲವರಿಗೆ ಇರುವುದು ಎಡಿಎಚ್‌ಡಿ. ಒಂದೇ ಕಡೆ ಗಮನ ನಿಲ್ಲಿಸಲು, ಆತುರ ತಡೆಯಲು ಮಿದುಳಿಗೆ ಕಷ್ಟವಾಗುವ ಸ್ಥಿತಿ ಇದು. ಮಕ್ಕಳಲ್ಲಿ ಶುರುವಾಗುತ್ತದೆ ನಿಜ, ಆದರೆ ಬೆಳೆದ ಮೇಲೆ ಎಲ್ಲರಲ್ಲೂ ಹೋಗಿಬಿಡುವುದಿಲ್ಲ.

1. ಎಲ್ಲಿ ಎಡವುತ್ತೀರಿ, ಬರೆದಿಡಿ

ಒಂದು ಅರ್ಜಿ ತುಂಬಲು ಕೂತಿದ್ದೀರಿ ಎನ್ನಿ. ಖಾತೆ ನಂಬರ್ ಬೇಕು ಎಂದು ಫೋನ್ ಎತ್ತಿಕೊಳ್ಳುತ್ತೀರಿ. ಯಾರದೋ ಮೆಸೇಜ್ ಕಾಣುತ್ತದೆ, ಉತ್ತರ ಬರೆಯುತ್ತೀರಿ. ಅಲ್ಲಿಂದ ಇನ್ನೇನೋ ನೆನಪಾಗಿ ಎದ್ದು ಹೋಗುತ್ತೀರಿ. ಸಂಜೆ ನೋಡಿದರೆ ಅರ್ಜಿಯಲ್ಲಿ ಹೆಸರು, ವಿಳಾಸ ಮಾತ್ರ ಇದೆ. ಯಾವಾಗಲೋ ಒಮ್ಮೆ ಹೀಗಾದರೆ ಚಿಂತೆಯಿಲ್ಲ, ಎಲ್ಲರಿಗೂ ಆಗುವಂಥದ್ದೇ. ಆರು ತಿಂಗಳಿಗೂ ಜಾಸ್ತಿ ಕಾಲ ಮತ್ತೆ ಮತ್ತೆ ಹೀಗೇ ಆಗುತ್ತಿದ್ದರೆ ಯೋಚಿಸಬೇಕು.

ಇದೇ ವ್ಯಕ್ತಿ ತನಗಿಷ್ಟವಾದ ಕೆಲಸ ಹಿಡಿದರೆ ಹೊತ್ತು ಹೋಗಿದ್ದೇ ತಿಳಿಯದಂತೆ ಮುಳುಗಿಬಿಡಬಹುದು. ‘ಅದಕ್ಕೆಲ್ಲ ಗಮನ ಇರುತ್ತೆ, ಇದಕ್ಕೆ ಇರಲ್ವಾ?’ ಎಂದು ಮನೆಯವರು ರೇಗುವುದು ಇಲ್ಲೇ. ಗಮನ ಇದೆ, ಬೇಕಾದ ಕಡೆ ತಿರುಗಿಸುವುದೇ ಕಷ್ಟ.

2. ಒಳಗಿನ ಚಡಪಡಿಕೆ ಗಮನಿಸಿ

ದೊಡ್ಡವರು ಮಕ್ಕಳ ಹಾಗೆ ಓಡಾಡುವುದಿಲ್ಲ. ಮೀಟಿಂಗ್‌ನಲ್ಲಿ ಕಾಲು ಅಲುಗಾಡುತ್ತಲೇ ಇರುತ್ತದೆ. ಎದುರಿನವರ ಮಾತು ಮುಗಿಯುವ ಮೊದಲೇ ಉತ್ತರ ಬಾಯಿಗೆ ಬರುತ್ತದೆ. ಸರದಿಯಲ್ಲಿ ನಿಲ್ಲಲಾಗುವುದಿಲ್ಲ. ಕ್ಷಣದ ಆತುರಕ್ಕೆ ಏನನ್ನೋ ಕೊಂಡು ಆಮೇಲೆ ಪರದಾಡುವುದೂ ಉಂಟು. ಕೆಲವರಲ್ಲಿ ಈ ಚಡಪಡಿಕೆ ಹೊರಗೆ ಕಾಣುವುದೇ ಇಲ್ಲ. ಹುಡುಗಿಯರ ವಿಷಯದಲ್ಲಿ ಇದು ಜಾಸ್ತಿ. ತರಗತಿಯಲ್ಲಿ ಸುಮ್ನೆ ಕಿಟಕಿಯಾಚೆ ನೋಡುತ್ತಾ ಕೂರುವ ಹುಡುಗಿಯಿಂದ ಯಾರಿಗೂ ತೊಂದರೆಯಿಲ್ಲ, ಹಾಗಾಗಿ ಯಾರೂ ವಿಚಾರಿಸುವುದಿಲ್ಲ. ಅಂಥ ಎಷ್ಟೋ ಹೆಂಗಸರಿಗೆ ವಿಷಯ ತಿಳಿಯುವುದು ನಡುವಯಸ್ಸಿನಲ್ಲಿ.

3. ಬಾಲ್ಯಕ್ಕೆ ಹೋಗಿ ಬನ್ನಿ

ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ ಇದು. ಎಡಿಎಚ್‌ಡಿ ಮೂವತ್ತು ದಾಟಿದ ಮೇಲೆ ಹೊಸದಾಗಿ ಹುಟ್ಟಿಕೊಳ್ಳುವುದಿಲ್ಲ. ವೈದ್ಯರು ಬಳಸುವ ಡಿಎಸ್‌ಎಂ-5 ಎಂಬ ಕೈಪಿಡಿಯ ಪ್ರಕಾರ, ಹಲವು ಲಕ್ಷಣಗಳು 12 ವರ್ಷಕ್ಕೆ ಮೊದಲೇ ಇದ್ದಿರಬೇಕು. ಅಮ್ಮನನ್ನೋ ಅಕ್ಕನನ್ನೋ ಕೇಳಿ. ಹಳೇ ಅಂಕಪಟ್ಟಿ ಇದ್ದರೆ ಮೇಷ್ಟ್ರು ಬರೆದ ಷರಾ ಓದಿ. ‘ಬುದ್ಧಿವಂತ, ಆದರೆ ಗಮನ ಸಾಲದು’ ಎಂಬಂಥ ಮಾತು ವರ್ಷ ವರ್ಷವೂ ಕಂಡರೆ ಅದು ದೊಡ್ಡ ಸುಳಿವು. ತೊಂದರೆ ಈಚೆಗೆ ಶುರುವಾಗಿದ್ದರೆ ಕಾರಣ ಬೇರೆಯೇ ಇರಬಹುದು: ನಿದ್ದೆಗೇಡು, ಖಿನ್ನತೆ, ಆತಂಕ, ಥೈರಾಯ್ಡ್, ಕುಡಿತ.

ಆಫೀಸಿನಲ್ಲಿ ಮಾತ್ರ ಹೀಗಾಗಿ ಮನೆಯಲ್ಲಿ ಎಲ್ಲ ಸರಿಯಿದ್ದರೆ, ಆ ಕೆಲಸವೇ ಒಗ್ಗದಿರಬಹುದು. ಕನಿಷ್ಠ ಎರಡು ಕಡೆಯಾದರೂ ಲಕ್ಷಣ ಕಾಣಬೇಕು.

4. ಪ್ರಶ್ನಾವಳಿ ತುಂಬಿ, ಅಲ್ಲಿಗೇ ನಿಲ್ಲಬೇಡಿ

ವಿಶ್ವ ಆರೋಗ್ಯ ಸಂಸ್ಥೆಯ ಎಎಸ್‌ಆರ್‌ಎಸ್ ಎಂಬ ಪ್ರಶ್ನಾವಳಿಯಲ್ಲಿ 18 ಪ್ರಶ್ನೆಗಳಿವೆ. ಮೊದಲ 6 ಪ್ರಶ್ನೆಗಳು ಪ್ರಾಥಮಿಕ ತಪಾಸಣೆಗೆ. ವೈದ್ಯರನ್ನು ಕಾಣಬೇಕೇ ಎಂಬುದಷ್ಟೇ ಅದರಿಂದ ತಿಳಿಯುತ್ತದೆ. ರೀಲ್ಸ್ ನೋಡಿ ‘ನನಗೂ ಇದೆ’ ಎಂದು ತೀರ್ಮಾನಿಸಿ ಮಾತ್ರೆ ಹುಡುಕುವುದಂತೂ ಬೇಡವೇ ಬೇಡ.

5. ಮನೋವೈದ್ಯರನ್ನು ಕಾಣಿ

ಇದನ್ನು ಹೇಳುವ ರಕ್ತಪರೀಕ್ಷೆಯಾಗಲಿ ಸ್ಕ್ಯಾನ್ ಆಗಲಿ ಇಲ್ಲ. ರಕ್ತಪರೀಕ್ಷೆ ಬರೆದುಕೊಟ್ಟರೆ ಅದು ಬೇರೆ ಕಾಯಿಲೆ ಇಲ್ಲವೆಂದು ಖಚಿತಪಡಿಸಿಕೊಳ್ಳಲು. ನಿರ್ಧಾರವಾಗುವುದು ಮಾತುಕತೆಯಿಂದಲೇ. ಗಮನಕ್ಕೆ ಸಂಬಂಧಿಸಿದ 9 ಲಕ್ಷಣ, ಚಡಪಡಿಕೆ ಮತ್ತು ಆತುರದ 9 ಲಕ್ಷಣ, ಹೀಗೆ ಎರಡು ಗುಂಪುಗಳಿವೆ. 17 ವರ್ಷ ತುಂಬಿದವರಲ್ಲಿ ಯಾವುದಾದರೂ ಒಂದು ಗುಂಪಿನ ಕನಿಷ್ಠ 5 ಇರಬೇಕು, ಬದುಕಿಗೆ ಅಡ್ಡಿಯನ್ನೂ ಮಾಡುತ್ತಿರಬೇಕು.

ಬರೆದಿಟ್ಟ ಟಿಪ್ಪಣಿ, ಹಳೇ ಅಂಕಪಟ್ಟಿ, ಈಗ ನುಂಗುತ್ತಿರುವ ಮಾತ್ರೆಗಳ ಪಟ್ಟಿ ಜೊತೆಗಿರಲಿ. ನಿಮ್ಮನ್ನು ಚಿಕ್ಕಂದಿನಿಂದ ಬಲ್ಲ ಒಬ್ಬರು ಬಂದರೆ ಇನ್ನೂ ಒಳ್ಳೆಯದು. ಎಡಿಎಚ್‌ಡಿ ಎಂದು ಗೊತ್ತಾದರೆ ಔಷಧಿಯೂ ಇದೆ, ದಿನದ ಕೆಲಸಗಳನ್ನು ಹೊಂದಿಸಿಕೊಳ್ಳಲು ಕಲಿಸುವ ಆಪ್ತ ಸಮಾಲೋಚನೆಯೂ ಇದೆ. ಯಾವುದು, ಎಷ್ಟು ಎಂಬುದನ್ನು ವೈದ್ಯರ ಜೊತೆ ಕೂತು ಮಾತಾಡಿ ನಿರ್ಧರಿಸಿ.